ಪಾಲಿಪ್ ತೆಗೆಯುವ ಕುಣಿಕೆ: ಸುರಕ್ಷತೆಯನ್ನು ಪರೀಕ್ಷಿಸಿದ ಅರ್ಧ ಶತಮಾನ

ದೊಡ್ಡಕರುಳಿನ ಒಳಮೈಯ ಲೋಳೆಪೊರೆಯಲ್ಲಿ ಬೆಳೆಯುವ ಗಂಟುಗಳನ್ನು ಪಾಲಿಪ್ ಎನ್ನುತ್ತಾರೆ. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ. ಬಹುಪಾಲು ಪಾಲಿಪ್‌ಗಳಿಂದ ಯಾವ ತೊಂದರೆಯೂ ಇಲ್ಲ. ಆದರೆ ಅಡಿನೋಮಾ ಎಂಬ ಬಗೆಯವುಗಳಲ್ಲಿ ಕೆಲವು, ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಕಾಲ ತೆಗೆದುಕೊಂಡು ಕ್ಯಾನ್ಸರಿಗೆ ತಿರುಗುತ್ತವೆ. ದೊಡ್ಡಕರುಳಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೀಗೆಯೇ. ಅದಕ್ಕೆ ಮೊದಲೇ ಪಾಲಿಪ್ ತೆಗೆದುಬಿಟ್ಟರೆ ಕ್ಯಾನ್ಸರ್ ತಪ್ಪುತ್ತದೆ ಎಂಬುದು ಈಗ ಊಹೆಯಲ್ಲ. ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನದಲ್ಲಿ ಅಡಿನೋಮಾ ತೆಗೆಸಿಕೊಂಡವರನ್ನು ದೀರ್ಘಕಾಲ ಹಿಂಬಾಲಿಸಿ ನೋಡಿದಾಗ, ಈ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದದ್ದಕ್ಕಿಂತ ಶೇ. 53ರಷ್ಟು ಕಡಿಮೆ ಇತ್ತು. ಈ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ.

ತೆಗೆಯುವ ಕೆಲಸದ ಕಷ್ಟವೆಲ್ಲ ಕರುಳಿನ ಗೋಡೆಯ ದಪ್ಪದಲ್ಲಿದೆ. ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಸಡಿಲ ಪದರ, ಆಮೇಲೆ ಸ್ನಾಯು, ಹೊರಗೆ ತೆಳುವಾದ ಹೊದಿಕೆ, ಈ ನಾಲ್ಕು ಪದರಗಳೂ ಸೇರಿ ಕೆಲವೇ ಮಿಲಿಮೀಟರ್. ಬಲಭಾಗದಲ್ಲಿ, ಸಣ್ಣಕರುಳು ಬಂದು ಸೇರುವ ಕಡೆ, ಗೋಡೆ ಇನ್ನೂ ತೆಳ್ಳಗಿರುತ್ತದೆ. ಪಾಲಿಪ್ ಇರುವುದು ಮೇಲಿನ ಪದರದಲ್ಲಿ. ಉಪಕರಣ ಅಷ್ಟನ್ನೇ ಕತ್ತರಿಸಿ ನಿಲ್ಲಬೇಕು. ಸ್ನಾಯುವನ್ನು ದಾಟಿದರೆ ಕರುಳು ತೂತಾಗಿ ಮಲ ಹೊಟ್ಟೆಯೊಳಗೆ ಸೋರುತ್ತದೆ. ಮಧ್ಯದ ಪದರದ ರಕ್ತನಾಳ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಕ್ತ ಸುರಿಯುತ್ತದೆ. ಚಿಕಿತ್ಸೆಗೆ ಬರುವವರಾದರೋ ಸಾಮಾನ್ಯವಾಗಿ ಯಾವ ನೋವೂ ಇಲ್ಲದವರು. ಮುಂದೆಂದೋ ಬರಬಹುದಾದ ರೋಗವನ್ನು ತಡೆಯಲೆಂದು ಅವರು ಇವತ್ತು ಅಪಾಯವನ್ನು ಒಪ್ಪಿಕೊಳ್ಳುತ್ತಾರೆ. ಹಾಗಾಗಿ ಈ ಉಪಕರಣಗಳ ವಿಷಯದಲ್ಲಿ ಸುರಕ್ಷತೆಯ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚು ತೂಕವಿದೆ. ಇಷ್ಟಾದರೂ ಆ ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ಕಲಿಯಲು ವೈದ್ಯಲೋಕಕ್ಕೆ ಸುಮಾರು ಐವತ್ತು ವರ್ಷ ಬೇಕಾಯಿತು.

1960ರ ದಶಕದ ಕೊನೆಯವರೆಗೆ ಗುದದ್ವಾರದಿಂದ ಕರುಳಿನೊಳಗೆ ನೋಡಲು ಇದ್ದದ್ದು ಬಾಗದ ಲೋಹದ ಕೊಳವೆ. ಅದು ಸುಮಾರು 25 ಸೆಂಟಿಮೀಟರ್ ದೂರ ಮಾತ್ರ ಹೋಗುತ್ತಿತ್ತು. ದೊಡ್ಡಕರುಳಿನ ಉದ್ದ ಒಂದೂವರೆ ಮೀಟರ್. ಕೊಳವೆಗೆ ಸಿಗುವ ಪಾಲಿಪ್‌ಗಳನ್ನು ಅದರ ಮೂಲಕವೇ ಸುಟ್ಟೋ ಕತ್ತರಿಸಿಯೋ ತೆಗೆಯುತ್ತಿದ್ದರು. ಅದರಾಚೆ ಬೇರಿಯಂ ಎಕ್ಸ್‌ರೇಯಲ್ಲಿ ಕಂಡ ಗಂಟಿಗೆ ಹೊಟ್ಟೆ ಕೊಯ್ದು, ಕರುಳು ಬಿಚ್ಚಿ ತೆಗೆಯುವುದೊಂದೇ ದಾರಿ. ಒಂದು ಸೆಂಟಿಮೀಟರಿನ, ಬಹುಶಃ ಎಂದೂ ಕ್ಯಾನ್ಸರ್ ಆಗದ ಗಂಟಿಗಾಗಿ ರೋಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿತ್ತು, ಕೆಲವರು ಅದರಲ್ಲೇ ಸಾಯುತ್ತಿದ್ದರು. ಪಾಲಿಪ್ ಸುತ್ತ ಬಿಗಿದು ಕತ್ತರಿಸುವ ಮೊದಲ ತಂತಿಯ ಕುಣಿಕೆ ಸುರಕ್ಷಿತವೇ ಎಂದು ಆ ಕಾಲದ ವೈದ್ಯರು ಕೇಳಿದಾಗ ಅವರ ಮನಸ್ಸಿನಲ್ಲಿದ್ದ ಹೋಲಿಕೆ ಇದು, ತೆರೆದ ಹೊಟ್ಟೆಯ ಶಸ್ತ್ರಚಿಕಿತ್ಸೆ. ಅದರ ಮುಂದೆ ಯಾವ ಕುಣಿಕೆಯೂ ಸುರಕ್ಷಿತವಾಗಿಯೇ ಕಾಣುತ್ತಿತ್ತು.

ಕುಣಿಕೆಯಲ್ಲಿ ಹರಿಯುವ ವಿದ್ಯುತ್ತಿನ ಕಥೆ ಇನ್ನೂ ಹಳೆಯದು. ಸೆಕೆಂಡಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಸ್ನಾಯುಗಳನ್ನು ಸೆಳೆತಕ್ಕೆ ಒಳಪಡಿಸುವುದಿಲ್ಲ, ಅಂಗಾಂಶವನ್ನು ಬಿಸಿ ಮಾತ್ರ ಮಾಡುತ್ತದೆ ಎಂದು ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್ 1890ರ ದಶಕದಲ್ಲಿ ತೋರಿಸಿದ್ದರು. ನ್ಯೂಯಾರ್ಕಿನ ಎಡ್ವಿನ್ ಬೀರ್ 1910ರಲ್ಲಿ ಮೂತ್ರಕೋಶದ ಗಂಟುಗಳನ್ನು ನೋಟದ ಕೊಳವೆಯ ಮೂಲಕ ಇಂಥ ವಿದ್ಯುತ್ತಿನಿಂದ ಸುಟ್ಟರು. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಮೆದುಳು ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ಕಟ್ಟಿದ ಯಂತ್ರವನ್ನು ಬಳಸಿ, ರಕ್ತಸ್ರಾವದಿಂದಾಗಿ ಅರ್ಧಕ್ಕೇ ಬಿಟ್ಟಿದ್ದ ಒಂದು ಗಡ್ಡೆಯನ್ನು ತೆಗೆದರು. ಒಂದೇ ಯಂತ್ರ ಕತ್ತರಿಸಲೂ ರಕ್ತ ನಿಲ್ಲಿಸಲೂ ಒದಗಿತು. ಎಡೆಬಿಡದೆ ಹರಿಯುವ ಅಲೆ ಕತ್ತರಿಸುತ್ತದೆ. ಬಿಟ್ಟು ಬಿಟ್ಟು ಬರುವ ಅಲೆ ಅಂಗಾಂಶವನ್ನು ಬೇಯಿಸಿ ರಕ್ತನಾಳ ಮುಚ್ಚುತ್ತದೆ. ಪಾಲಿಪ್ ಕುಣಿಕೆಯ ಎಲ್ಲ ಗುಣವೂ, ಅದರ ಎಲ್ಲ ಅಪಾಯವೂ ಈ ಬೇಯಿಸುವಿಕೆಯಿಂದಲೇ ಬಂದದ್ದು.

ದೇಹದೊಳಗೆ ನೋಡುವ ಬಾಗುವ ಕೊಳವೆ, ಅಂದರೆ ಇಂದಿನ ಎಂಡೋಸ್ಕೋಪ್, ಸಾಧ್ಯವಾದದ್ದು ಗಾಜಿನ ಎಳೆಗಳಿಂದ. ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಪ್ರಕಟಿಸಿದರು. ಮಿಷಿಗನ್ನಿನಲ್ಲಿ ಬೇಸಿಲ್ ಹಿರ್ಷೋವಿಟ್ಜ್ 1957ರ ಹೊತ್ತಿಗೆ ಬಾಗುವ ಜಠರದರ್ಶಕವನ್ನು ಬಳಕೆಗೆ ತಂದರು. ಕರುಳಿಗೆ ಬೇಕಾದ ಉದ್ದನೆಯ ಉಪಕರಣ, ಅಂದರೆ ಕೊಲೊನೋಸ್ಕೋಪ್, ಅಮೆರಿಕ, ಜಪಾನ್‌ಗಳಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು.

1969ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಹಿರೋಮಿ ಶಿನ್ಯ, ಕೊಲೊನೋಸ್ಕೋಪಿನ ಕಾಲುವೆಯೊಳಗಿಂದ ತಂತಿಯ ಕುಣಿಕೆ ತೂರಿಸಿ ಪಾಲಿಪ್ ತೆಗೆದರು. ಕುಣಿಕೆಯನ್ನು ರೂಪಿಸಿದ್ದು ಅವರೂ ಉಪಕರಣ ತಯಾರಿಸುವ ಜಪಾನಿ ಕಂಪನಿಯ ಎಂಜಿನಿಯರರೂ ಸೇರಿ. ಕೆಲಸ ನಡೆಯುವ ರೀತಿ ಇಂದಿಗೂ ಹೆಚ್ಚು ಬದಲಾಗಿಲ್ಲ. ಪ್ಲಾಸ್ಟಿಕ್ ನಳಿಕೆಯಿಂದ ಹೊರಬಂದ ತಂತಿ ತೆರೆದುಕೊಳ್ಳುತ್ತದೆ. ವೈದ್ಯರು ಅದನ್ನು ಪಾಲಿಪ್ ಸುತ್ತ ಹಾಕುತ್ತಾರೆ. ಸಹಾಯಕರು ಹಿಡಿಕೆಯನ್ನು ನಿಧಾನವಾಗಿ ಎಳೆದು ಬಿಗಿಮಾಡುತ್ತಾರೆ. ಬಿಗಿಯಾದ ಪಾಲಿಪನ್ನು ಗೋಡೆಯಿಂದ ಸ್ವಲ್ಪ ಮೇಲೆತ್ತಿ, ಕಾಲಿನಿಂದ ಪೆಡಲ್ ಒತ್ತುತ್ತಾರೆ. ವಿದ್ಯುತ್ತು ತಂತಿಯಿಂದ ಹೊರಟು ರೋಗಿಯ ತೊಡೆಗೆ ಅಂಟಿಸಿದ ಪಟ್ಟಿಯ ಮೂಲಕ ಯಂತ್ರಕ್ಕೆ ಮರಳುತ್ತದೆ. ತಂತಿಯ ಕೆಳಗೆ ಬಿಳಿಯ ಗೆರೆ ಮೂಡಿ, ಕ್ಷಣದಲ್ಲಿ ಪಾಲಿಪ್ ಕಳಚಿ ಬೀಳುತ್ತದೆ. ಮೇಲೆತ್ತುವುದನ್ನು ಮರೆತರೆ ಶಾಖ ಕೆಳಗಿನ ಸ್ನಾಯುವಿಗೆ ಇಳಿಯುತ್ತದೆ. ಬೇಗ ಬಿಗಿದರೆ ರಕ್ತನಾಳ ಮುಚ್ಚುವ ಮುಂಚೆಯೇ ಕತ್ತರಿಸಿಹೋಗುತ್ತದೆ. ಸುರಕ್ಷತೆಯ ಅರ್ಧ ಭಾಗ ಉಪಕರಣದಲ್ಲಿದ್ದರೆ ಉಳಿದರ್ಧ ಹಿಡಿಕೆ ಎಳೆಯುವ ಕೈಯಲ್ಲಿದೆ ಎಂಬುದು ಆರಂಭದಿಂದಲೂ ಗೊತ್ತಿತ್ತು.

ಶಿನ್ಯ ಮತ್ತು ಅವರ ಸಹೋದ್ಯೋಗಿ ವಿಲಿಯಂ ವುಲ್ಫ್ 1973ರಲ್ಲಿ 300ಕ್ಕೂ ಹೆಚ್ಚು ಪಾಲಿಪ್‌ಗಳನ್ನು ಹೀಗೆ ತೆಗೆದ ಅನುಭವವನ್ನು ಪ್ರಕಟಿಸಿದರು. ಯಾರೂ ಸಾಯಲಿಲ್ಲ, ತೊಂದರೆ ಕಡಿಮೆ ಎಂಬುದು ಅದರ ಸಾರ. ವೈದ್ಯಕೀಯದಲ್ಲಿ ಇದು ದೊಡ್ಡ ತಿರುವು, ಅನುಮಾನವಿಲ್ಲ. ಆದರೆ ಪರೀಕ್ಷೆಯಾಗಿ ಅದನ್ನು ನೋಡಿದರೆ ಕೊರತೆಗಳು ಕಾಣುತ್ತವೆ. ಹೋಲಿಸಲು ಎರಡನೇ ಗುಂಪು ಇರಲಿಲ್ಲ. ಕತ್ತರಿಸಿದವರೇ ತೊಂದರೆಗಳನ್ನೂ ಎಣಿಸಿದರು. ಅವರಿಬ್ಬರೂ ಜಗತ್ತಿನಲ್ಲೇ ಅತಿ ಹೆಚ್ಚು ಪಳಗಿದವರು; ಅವರ ಕೈಯಲ್ಲಿ ಸುರಕ್ಷಿತವಾದದ್ದು ನಿನ್ನೆ ಕಲಿತವರ ಕೈಯಲ್ಲೂ ಹಾಗೆಯೇ ಇರುತ್ತದೆ ಎನ್ನಲು ಆಧಾರವಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ ವೈದ್ಯಕೀಯ ಉಪಕರಣವನ್ನು ಮಾರುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂಬ ಕಾನೂನೂ ಇರಲಿಲ್ಲ. ಔಷಧಿಗೆ ಇದ್ದ ಕಟ್ಟುಪಾಡು ತಂತಿಗೆ ಇರಲಿಲ್ಲ.

ಪಳಗದ ಕೈಗಳ ಫಲಿತಾಂಶ ಹೇಗಿದೆ ಎಂದು ತಿಳಿಯಲು ಅಮೆರಿಕದ ಎಂಡೋಸ್ಕೋಪಿ ವೈದ್ಯರ ಸಂಘ 1974ರಲ್ಲಿ ಸದಸ್ಯರ ಸಮೀಕ್ಷೆ ನಡೆಸಿತು. ಸಾವಿರಾರು ಚಿಕಿತ್ಸೆಗಳ ಲೆಕ್ಕ ಒಂದೆಡೆ ಸೇರಿದಾಗ ರಕ್ತಸ್ರಾವವೇ ಮುಖ್ಯ ತೊಂದರೆ, ತೂತಾಗುವುದು ಅದಕ್ಕಿಂತ ವಿರಳ ಎಂಬುದು ಸ್ಪಷ್ಟವಾಯಿತು. ಜರ್ಮನಿಯಲ್ಲೂ ಇಂಥ ಸಮೀಕ್ಷೆ ನಡೆದು 1979ರಲ್ಲಿ ಪ್ರಕಟವಾಯಿತು. ಒಬ್ಬ ವೈದ್ಯರ ಜೀವಮಾನದಲ್ಲಿ ಕಾಣದ ಸಂಗತಿ ನೂರು ವೈದ್ಯರ ಲೆಕ್ಕ ಕೂಡಿಸಿದಾಗ ಕಾಣುತ್ತದೆ ಎಂಬ ಪಾಠ ಇಲ್ಲಿ ಸಿಕ್ಕಿತು. ಆದರೂ ಈ ಲೆಕ್ಕಗಳು ನೆನಪಿನಿಂದ ತುಂಬಿದ ಉತ್ತರಗಳ ಮೇಲೆ ನಿಂತಿದ್ದವು. ಮನೆಗೆ ಹೋದ ಮೇಲೆ ಬೇರೆ ಆಸ್ಪತ್ರೆ ಸೇರಿದ ರೋಗಿ ಅವುಗಳಲ್ಲಿ ಸಿಗುವುದು ಕಷ್ಟ.

ಯಾರೂ ಪರೀಕ್ಷಿಸದೆ ಬಿಟ್ಟಿದ್ದ ಒಂದು ಅಪಾಯ ಅದೇ ವರ್ಷ ಬೆಳಕಿಗೆ ಬಂತು. ಫ್ರಾನ್ಸಿನ ವೈದ್ಯರು 1979ರಲ್ಲಿ ಒಂದು ದುರಂತವನ್ನು ವರದಿ ಮಾಡಿದರು: ಪಾಲಿಪ್ ತೆಗೆಯಲು ವಿದ್ಯುತ್ ಹಾಯಿಸಿದ ಕ್ಷಣ ಕರುಳಿನೊಳಗಿನ ಅನಿಲ ಸ್ಫೋಟಿಸಿ, ರೋಗಿ ಸತ್ತರು. ಕರುಳು ಶುಚಿಮಾಡಲು ಕೊಟ್ಟಿದ್ದದ್ದು ಮ್ಯಾನಿಟಾಲ್. ಅದು ಸಕ್ಕರೆಯ ಸಂಬಂಧಿ. ಸಣ್ಣಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ನೀರನ್ನು ಎಳೆದುಕೊಂಡು ಬೇಧಿಯಾಗುತ್ತದೆ. ಆದರೆ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಅದು ಆಹಾರ. ಅವು ಅದನ್ನು ಹುಳಿಯಿಸಿ ಹೈಡ್ರೋಜನ್ ಹೊರಬಿಡುತ್ತವೆ. ಕೆಲವರ ಕರುಳಿನಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4, ಮೀಥೇನ್ ಶೇ. 5 ದಾಟಿದರೆ ಒಂದು ಕಿಡಿ ಸಾಕು. ಕರುಳನ್ನು ಹಿಗ್ಗಿಸಲು ವೈದ್ಯರೇ ಊದುವ ಗಾಳಿಯಿಂದ ಆಮ್ಲಜನಕ ಸಿಗುತ್ತದೆ, ಕಿಡಿ ಕುಣಿಕೆಯಿಂದ ಬರುತ್ತದೆ.

ಕುಣಿಕೆಯನ್ನೂ ಮ್ಯಾನಿಟಾಲನ್ನೂ ಬೇರೆಬೇರೆಯಾಗಿ ನೋಡಿದರೆ ಎರಡರಲ್ಲೂ ಈ ದೋಷ ಕಾಣುತ್ತಿರಲಿಲ್ಲ. ಎರಡೂ ಕೂಡಿದಲ್ಲಿ ಅಪಾಯವಿತ್ತು. ಮುಂದೆ ಲಂಡನ್ನಿನ ವೈದ್ಯರು ಮ್ಯಾನಿಟಾಲ್ ಕುಡಿದವರ ಕರುಳಿನಿಂದ ಅನಿಲವನ್ನು ಹೀರಿ ಅಳೆದು, ಹೈಡ್ರೋಜನ್ ನಿಜಕ್ಕೂ ಸ್ಫೋಟದ ಮಟ್ಟ ಮುಟ್ಟುತ್ತದೆಂದು 1981ರಲ್ಲಿ ತೋರಿಸಿದರು. ಅಷ್ಟರಲ್ಲಿ ಡಲ್ಲಾಸಿನ ಜಾನ್ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ದ್ರಾವಣವನ್ನು 1980ರಲ್ಲಿ ಪ್ರಕಟಿಸಿದ್ದರು. ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಲಾರವು. ಕೊಲೊನೋಸ್ಕೋಪಿಗೆ ಮುನ್ನಾದಿನ ನೀರಿಗೆ ಕಲಸಿ ಲೀಟರುಗಟ್ಟಲೆ ಕುಡಿಸುವ ಪುಡಿ ಇಂದು ನಮ್ಮ ಆಸ್ಪತ್ರೆಗಳಲ್ಲೂ ಹೆಚ್ಚಾಗಿ ಇದೇ. ಕರುಳಿನ ಅನಿಲ ಸ್ಫೋಟದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ 2006ರವರೆಗೆ ಒಟ್ಟು ಸುಮಾರು 20 ಮಾತ್ರ. ಇಷ್ಟು ವಿರಳವಾದದ್ದನ್ನು ಯಾವ ಸಣ್ಣ ಪ್ರಯೋಗವೂ ಮೊದಲೇ ಹಿಡಿಯಲಾರದು. ಒಂದೇ ಒಂದು ಸಾವನ್ನು ಮುಚ್ಚಿಡದೆ ಬರೆದು ಪ್ರಕಟಿಸಿದ್ದರಿಂದಲೇ ಜಗತ್ತಿನ ಬಹುಕಡೆ ಅಭ್ಯಾಸ ಬದಲಾಯಿತು.

ಇದಕ್ಕಿಂತ ನಿಧಾನವಾಗಿ, ಸದ್ದಿಲ್ಲದೆ ಬಯಲಾದದ್ದು ಬಿಸಿ ಚಿಮುಟದ ಕಥೆ. ಐದು ಮಿಲಿಮೀಟರಿಗಿಂತ ಸಣ್ಣ ಪಾಲಿಪ್‌ಗಳಿಗೆ ಕುಣಿಕೆ ಹಾಕುವುದು ತ್ರಾಸದ ಕೆಲಸ. ಲಂಡನ್ನಿನ ಕ್ರಿಸ್ಟೋಫರ್ ವಿಲಿಯಮ್ಸ್ 1973ರಲ್ಲಿ ಅದಕ್ಕೊಂದು ಸುಲಭ ಉಪಾಯ ವಿವರಿಸಿದರು: ಚಿಮುಟದಿಂದ ಪಾಲಿಪಿನ ತಲೆಯನ್ನು ಹಿಡಿದು ಮೇಲೆಳೆದು ವಿದ್ಯುತ್ ಹಾಯಿಸುವುದು. ಬುಡ ಸುಟ್ಟುಹೋಗುತ್ತದೆ, ಚಿಮುಟದ ಬಾಯಲ್ಲಿರುವ ತುಣುಕು ಸುಡದೆ ಉಳಿದು ಪ್ರಯೋಗಾಲಯಕ್ಕೆ ಸಿಗುತ್ತದೆ. ಒಂದೇ ಏಟಿಗೆ ಚಿಕಿತ್ಸೆ ಮತ್ತು ಪರೀಕ್ಷೆ ಎರಡೂ ಆಗುವುದರಿಂದ ಇದು ಎಲ್ಲರಿಗೂ ಹಿಡಿಸಿತು, ಎರಡು ಮೂರು ದಶಕ ಎಲ್ಲ ಕಡೆ ಚಾಲ್ತಿಯಲ್ಲಿತ್ತು.

ಸುಟ್ಟ ಬುಡದಲ್ಲಿ ಪಾಲಿಪ್ ನಿಜಕ್ಕೂ ಸತ್ತಿದೆಯೇ ಎಂದು ಯಾರೋ ಹೋಗಿ ನೋಡುವವರೆಗೆ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಒಂದೆರಡು ವಾರದ ನಂತರ ಅದೇ ಜಾಗವನ್ನು ಮತ್ತೆ ಪರೀಕ್ಷಿಸಿದ ಅಧ್ಯಯನವೊಂದರಲ್ಲಿ (1991) ನೂರಕ್ಕೆ ಸುಮಾರು 17 ಪಾಲಿಪ್‌ಗಳು ಬದುಕಿದ್ದವು. ಶಾಖ ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ಇನ್ನೊಂದು ಪ್ರಶ್ನೆ. ನಾಯಿಗಳ ಬಲಭಾಗದ ಕರುಳಿನ ಮೇಲೆ 1995ರಲ್ಲಿ ನಡೆದ ಪ್ರಯೋಗ, ಹಂದಿಗಳ ಮೇಲೆ ಆಸ್ಟ್ರೇಲಿಯಾದ ವೈದ್ಯರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ, ಎರಡೂ ಇದನ್ನು ನೇರವಾಗಿ ನೋಡಿದವು. ಎರಡನೆಯದರಲ್ಲಿ ಚಿಮುಟದ ಗಾಯವನ್ನೂ ಕುಣಿಕೆಯ ಗಾಯವನ್ನೂ, ಯಾವುದು ಯಾವುದರಿಂದ ಆದದ್ದೆಂದು ತಿಳಿಸದೆ, ಅಂಗಾಂಶ ಪರೀಕ್ಷಕರ ಮುಂದಿಟ್ಟರು. ಚಿಮುಟದ ಗಾಯವೇ ಹೆಚ್ಚು ಆಳವಾಗಿತ್ತು. ಮೇಲಿನದನ್ನು ಪೂರ್ತಿ ತೆಗೆಯದ, ಆದರೆ ಕೆಳಗಿನದನ್ನು ಸುಡುವ ಉಪಕರಣ ಎಂದಾಯಿತು. ಯುರೋಪಿನ ಎಂಡೋಸ್ಕೋಪಿ ಸಂಘ 2017ರ ಮಾರ್ಗಸೂಚಿಯಲ್ಲಿ ಬಿಸಿ ಚಿಮುಟ ಬಳಸಬಾರದೆಂದು ಹೇಳಿತು. ವಿವರಿಸಿದ ದಿನದಿಂದ ಕೈಬಿಡಿ ಎನ್ನುವವರೆಗೆ 44 ವರ್ಷ. ಕೆಟ್ಟ ಉದ್ದೇಶ ಯಾರದೂ ಅಲ್ಲ. ಬಳಕೆಗೆ ಬಂದ ಮೇಲೆ ಪರೀಕ್ಷಿಸುವ ಕ್ರಮ ಎಷ್ಟು ದುಬಾರಿಯೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಪ್ರಾಣಿಪ್ರಯೋಗಕ್ಕೆ ಹಂದಿಯನ್ನೇ ಆರಿಸುವುದಕ್ಕೆ ಕಾರಣವಿದೆ. ಅದರ ಕರುಳಿನ ಪದರಗಳ ರಚನೆ ಮನುಷ್ಯನದಕ್ಕೆ ಹತ್ತಿರ, ಮನುಷ್ಯರಿಗೆ ಬಳಸುವ ಎಂಡೋಸ್ಕೋಪನ್ನೇ ಅದಕ್ಕೂ ಬಳಸಬಹುದು. ಆದರೆ ಹಂದಿಗೆ ಸಾಮಾನ್ಯವಾಗಿ ಪಾಲಿಪ್ ಬರುವುದಿಲ್ಲ. ಹಾಗಾಗಿ ಲೋಳೆಪೊರೆಯನ್ನು ಹೀರಿ ರಬ್ಬರ್ ಬಳೆ ಹಾಕಿಯೋ, ಕೆಳಗೆ ಲವಣಜಲ ಚುಚ್ಚಿ ಉಬ್ಬಿಸಿಯೋ ಕೃತಕ ಪಾಲಿಪ್ ಮಾಡಿಕೊಳ್ಳುತ್ತಾರೆ. ಹಂದಿಯ ದೊಡ್ಡಕರುಳಿನ ಒಂದು ಭಾಗ ಸುರುಳಿ ಸುತ್ತಿಕೊಂಡಿರುವುದರಿಂದ ಉಪಕರಣ ಮುಂದಕ್ಕೆ ಹೋಗುವುದೂ ಕಷ್ಟ. ಅರಿವಳಿಕೆ ಕೊಟ್ಟು ಹೊಸ ಉಪಕರಣದಿಂದ ಕೆಲವು ಕಡೆ, ಹಳೆಯದರಿಂದ ಕೆಲವು ಕಡೆ ಕತ್ತರಿಸಿ, ಪ್ರಾಣಿಯನ್ನು ಕೆಲವು ದಿನ ನೋಡಿಕೊಳ್ಳುತ್ತಾರೆ. ಮೇವು ತಿನ್ನುತ್ತಿದೆಯೇ, ಜ್ವರವಿದೆಯೇ, ಮಲದಲ್ಲಿ ರಕ್ತವಿದೆಯೇ ಎಂದು ಬರೆದಿಡುತ್ತಾರೆ. ಆಮೇಲೆ ಕರುಳನ್ನು ತೆಗೆದು, ಗಾಯದ ಜಾಗವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸುಡುಗಾಯ ಯಾವ ಪದರದವರೆಗೆ ಇಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಕಾಯುವ ದಿನಗಳೇ ಇಲ್ಲಿ ಮುಖ್ಯ. ಶಾಖದಿಂದ ಸತ್ತ ಅಂಗಾಂಶ ಅಂದೇ ಉದುರುವುದಿಲ್ಲ. ಕತ್ತರಿಸಿದ ದಿನ ಅಚ್ಚುಕಟ್ಟಾಗಿ ಕಂಡ ಗಾಯ ಕೆಲವು ದಿನದಲ್ಲಿ ಆಳಕ್ಕೆ ಕೊರೆದುಕೊಂಡಿರಬಹುದು. ಮನುಷ್ಯರಲ್ಲೂ ಹಾಗೆಯೇ. ರಕ್ತಸ್ರಾವ ಒಂದು ವಾರ, ಎರಡು ವಾರದ ಮೇಲೂ ಶುರುವಾಗುತ್ತದೆ. ತೂತಾಗದೆಯೂ ಗೋಡೆಯ ಪೂರ್ತಿ ದಪ್ಪ ಬೆಂದು ಜ್ವರ, ಹೊಟ್ಟೆನೋವು ಬರುವುದುಂಟು.

ಕಾನೂನು ಈ ನಡುವೆ ಬಂತು. ಗರ್ಭನಿರೋಧಕ ಸಾಧನವೊಂದರಿಂದ ಹಲವು ಮಹಿಳೆಯರು ಸೋಂಕಿಗೆ ಒಳಗಾದ ಹಗರಣದ ನಂತರ ಅಮೆರಿಕದಲ್ಲಿ 1976ರ ಮೇ 28ರಂದು ವೈದ್ಯಕೀಯ ಉಪಕರಣಗಳ ತಿದ್ದುಪಡಿ ಕಾಯ್ದೆ ಜಾರಿಯಾಯಿತು. ಉಪಕರಣಗಳನ್ನು ಅಪಾಯಕ್ಕೆ ತಕ್ಕಂತೆ ಮೂರು ವರ್ಗ ಮಾಡಿದರು. ವಿದ್ಯುತ್ ಕುಣಿಕೆ ಮಧ್ಯದ ವರ್ಗಕ್ಕೆ ಸೇರಿತು. ಅದು ಕಾಯ್ದೆಗೆ ಮೊದಲೇ ಮಾರುಕಟ್ಟೆಯಲ್ಲಿತ್ತು, ಹೀಗಾಗಿ ಅದು ಯಾವ ಪೂರ್ವಪರೀಕ್ಷೆಯನ್ನೂ ಎದುರಿಸಲಿಲ್ಲ. ಆಮೇಲೆ ಬಂದ ಕುಣಿಕೆಗಳು ಮೊದಲಿದ್ದವಕ್ಕೆ ಗಣನೀಯವಾಗಿ ಸಮಾನ ಎಂದು ತೋರಿಸಿದರೆ ಸಾಕಿತ್ತು. ತಂತಿಯ ಬಲ, ವಿದ್ಯುತ್ ಸೋರಿಕೆ, ಪ್ಲಾಸ್ಟಿಕ್ಕಿನಿಂದ ದೇಹಕ್ಕೆ ಆಗುವ ಪರಿಣಾಮ ಇವುಗಳಿಗೆಲ್ಲ ಅಂತರರಾಷ್ಟ್ರೀಯ ಮಾನದಂಡಗಳು ಬಂದವು. ಭಾರತದಲ್ಲಿ ಉಪಕರಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಪರವಾನಗಿ ಕೊಡುವ ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ರೂಪುಗೊಂಡು 2018ರ ಜನವರಿ 1ರಿಂದ ಜಾರಿಗೆ ಬಂದವು. ಉಪಕರಣಗಳಿಂದಾದ ತೊಂದರೆಗಳನ್ನು ವರದಿ ಮಾಡಿಸಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮ ಅದಕ್ಕೂ ಮೊದಲು, 2015ರಲ್ಲಿ ಆರಂಭವಾಗಿತ್ತು.

ಹಳೆಯ ಕುಣಿಕೆಗೆ ಸಮಾನವೆಂದು ತೋರಿಸುವ ಅಮೆರಿಕದ ದಾರಿ ತಂತಿ ಗಟ್ಟಿಯಾಗಿದೆಯೇ ಎಂದು ಕೇಳುತ್ತದೆ; ರೋಗಿಗೆ ಎರಡು ವಾರದ ನಂತರ ಏನಾಯಿತೆಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡವರು ವೈದ್ಯರೇ.

ದೊಡ್ಡ, ಚಪ್ಪಟೆ ಪಾಲಿಪ್‌ಗಳ ವಿಷಯದಲ್ಲಿ ಅವರ ಮೊದಲ ಉತ್ತರ ಲವಣಜಲ. ಪಾಲಿಪಿನ ಕೆಳಗೆ ಅದನ್ನು ಚುಚ್ಚಿದರೆ ಮಧ್ಯದ ಪದರ ಉಬ್ಬಿ, ಸ್ನಾಯು ಕುಣಿಕೆಯಿಂದ ದೂರ ಸರಿಯುತ್ತದೆ. ನಾರ್ಮನ್ ರೋಸೆನ್‌ಬರ್ಗ್ ಇದನ್ನು ಗುದನಾಳದ ಪಾಲಿಪ್‌ಗಳಿಗೆ ಸುರಕ್ಷತಾ ಕ್ರಮವಾಗಿಯೇ 1955ರಲ್ಲಿ ಸೂಚಿಸಿದ್ದರು. ಪೀಟರ್ ಡೇಲೆ 1973ರಲ್ಲಿ ಕೊಲೊನೋಸ್ಕೋಪಿನ ಮೂಲಕ ಅದನ್ನು ಮಾಡಿದರು. ಆದರೂ ಬಹುಕಾಲ ದೊಡ್ಡ ಪಾಲಿಪ್ ಎಂದರೆ ಹೊಟ್ಟೆ ಕೊಯ್ಯುವುದೇ. 1985ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಕರುಳಿನ ಬಲತುದಿಯಲ್ಲಿ ದೊಡ್ಡ ಪಾಲಿಪ್ ಕಂಡಾಗ ಕುಣಿಕೆಗೆ ಮೀರಿದ್ದೆಂದು ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿದರು. ಅದರಲ್ಲಿ ಕ್ಯಾನ್ಸರ್ ಇತ್ತು.

ಲವಣಜಲ ಬೇಗ ಇಂಗಿಹೋಗುತ್ತದೆಂದು ಹೆಚ್ಚು ಹೊತ್ತು ನಿಲ್ಲುವ ದ್ರಾವಣಗಳು, ಜೆಲ್‌ಗಳು ಬಂದವು. ಅಂಥ ಒಂದು ಜೆಲ್ ಬಳಕೆಗೆ ಬಂದ ಮೇಲೆ, ತಿಂಗಳುಗಳ ನಂತರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ಭಾಗಗಳಲ್ಲಿ ಅಂಗಾಂಶ ಪರೀಕ್ಷಕರಿಗೆ ವಿಚಿತ್ರವಾದ ಗಂಟುಗಳು ಕಂಡವು. ಲೋಳೆ ಸುರಿಸುವ ಕ್ಯಾನ್ಸರ್ ಎಂದು ತಪ್ಪಾಗಿ ತಿಳಿಯಬಹುದಾದ ಅವು, ಉಳಿದುಹೋದ ಜೆಲ್ ಸುತ್ತ ದೇಹ ಕಟ್ಟಿಕೊಂಡ ಉರಿಯೂತದ ಗಂಟುಗಳಾಗಿದ್ದವು. ಕತ್ತರಿಸುವ ದಿನವಾಗಲಿ ಎರಡು ವಾರದ ಭೇಟಿಯಲ್ಲಾಗಲಿ ಇದು ಗೊತ್ತಾಗುವ ಸಂಗತಿಯಲ್ಲ.

ಜಪಾನ್ ಬೇರೆ ದಾರಿ ಹಿಡಿಯಿತು. 1990ರ ದಶಕದ ಕೊನೆಯಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ವಿದ್ಯುತ್ ಚಾಕುವಿನ ತುದಿಗೆ ಪುಟ್ಟ ಪಿಂಗಾಣಿ ಗುಂಡು ಕೂರಿಸಿದರು. ಗುಂಡಿನಲ್ಲಿ ವಿದ್ಯುತ್ ಹರಿಯದ ಕಾರಣ ಚಾಕು ಪಕ್ಕಕ್ಕೆ ಕತ್ತರಿಸುತ್ತದೆ, ಕೆಳಕ್ಕೆ ಚುಚ್ಚುವುದಿಲ್ಲ. ಮೊದಲು ಜಠರದಲ್ಲಿ ಬಳಸಿದ ಈ ವಿಧಾನ ಬೇರೆಬೇರೆ ಚಾಕುಗಳೊಂದಿಗೆ ಕರುಳಿಗೂ ಬಂತು. ದೊಡ್ಡ ಪಾಲಿಪನ್ನು ತುಂಡು ಮಾಡದೆ ಒಂದೇ ಹಾಳೆಯಾಗಿ ಬಿಡಿಸಲು ಸಾಧ್ಯವಾಯಿತು. ಹತ್ತು ಆಸ್ಪತ್ರೆಗಳು ಸೇರಿ 1,111 ಗಂಟುಗಳ ಲೆಕ್ಕವನ್ನು 2010ರಲ್ಲಿ ಪ್ರಕಟಿಸಿದವು. ಶೇ. 4.9ರಷ್ಟರಲ್ಲಿ ಕರುಳು ತೂತಾಗಿತ್ತು. ಪಳಗಿದ ಕೈಗಳಲ್ಲೇ ಇಷ್ಟು. ಆ ಸಂಖ್ಯೆಯನ್ನು ಅಡಗಿಸದೆ ಮುಂದಿಟ್ಟು, ಯಾವ ಗಂಟಿಗೆ ಈ ವಿಧಾನ ತಕ್ಕದ್ದು, ಯಾವುದಕ್ಕೆ ಬೇಡ ಎಂದು ಚರ್ಚಿಸಿದ ಮೇಲೆ, 2012ರ ಏಪ್ರಿಲಿನಲ್ಲಿ ಜಪಾನಿನ ಆರೋಗ್ಯ ವಿಮೆ ಕರುಳಿನ ಗಂಟುಗಳಿಗೆ ಇದನ್ನು ಒಪ್ಪಿತು. ಈ ಕ್ರಮ ಮೆಚ್ಚತಕ್ಕದ್ದು.

ಸಣ್ಣ ಪಾಲಿಪ್‌ಗಳಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: ವಿದ್ಯುತ್ತನ್ನೇ ಬಿಟ್ಟರು. ಕುಣಿಕೆಯನ್ನು ಬಿಗಿದು, ಸುತ್ತಲಿನ ಒಂದೆರಡು ಮಿಲಿಮೀಟರ್ ಆರೋಗ್ಯವಂತ ಪೊರೆಯನ್ನೂ ಸೇರಿಸಿಕೊಂಡು, ತಣ್ಣಗೆ ಕತ್ತರಿಸುವುದು. ರಕ್ತ ಜಿನುಗುತ್ತದೆ, ಕೆಲವು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. 1992ರಲ್ಲೇ ಇದರ ವರದಿ ಬಂದಿದ್ದರೂ ಶಾಖವಿಲ್ಲದೆ ರಕ್ತನಾಳ ಮುಚ್ಚುವುದು ಹೇಗೆಂಬ ಹೆದರಿಕೆ ದೀರ್ಘಕಾಲ ಉಳಿಯಿತು. ಹೆದರಿಕೆ ಸಹಜವೇ. ಆದರೆ ನಿಜವಾದ ಲೆಕ್ಕ ಅದನ್ನು ತಲೆಕೆಳಗು ಮಾಡಿತು. ತೈವಾನಿನಲ್ಲಿ 4,270 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿ, 4ರಿಂದ 10 ಮಿಲಿಮೀಟರಿನ ಪಾಲಿಪ್‌ಗಳನ್ನು ಒಂದು ಗುಂಪಿನಲ್ಲಿ ಬಿಸಿಯಾಗಿ, ಇನ್ನೊಂದರಲ್ಲಿ ತಣ್ಣಗೆ ತೆಗೆದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಡವಾದ ರಕ್ತಸ್ರಾವ ಬಿಸಿ ಕುಣಿಕೆಯಲ್ಲಿ ಶೇ. 1.5, ತಣ್ಣನೆಯದರಲ್ಲಿ ಶೇ. 0.4. ಅಂದಿನ ರಕ್ತವನ್ನು ನಿಲ್ಲಿಸುವ ಶಾಖವೇ ಆಮೇಲಿನ ರಕ್ತಕ್ಕೆ ಕಾರಣವಾಗುತ್ತಿತ್ತು: ಬೆಂದ ಪದರ ಉದುರುವಾಗ ಕೆಳಗಿನ ದೊಡ್ಡ ನಾಳ ತೆರೆದುಕೊಳ್ಳುತ್ತಿತ್ತು.

ಇಂಥ ವ್ಯತ್ಯಾಸ ಹಿಡಿಯಲು ನಾಲ್ಕು ಸಾವಿರ ಜನ ಏಕೆ ಬೇಕೆಂಬುದಕ್ಕೆ ಸರಳ ಲೆಕ್ಕವೊಂದಿದೆ. 1983ರಲ್ಲಿ ಜೇಮ್ಸ್ ಹ್ಯಾನ್ಲಿ ಮತ್ತು ಅಬ್ಬಿ ಲಿಪ್‌ಮನ್-ಹ್ಯಾಂಡ್ ಇದನ್ನು ವೈದ್ಯರ ಗಮನಕ್ಕೆ ತಂದರು. ಹೊಸ ಉಪಕರಣವನ್ನು 30 ಜನರಲ್ಲಿ ಬಳಸಿ ಒಬ್ಬರಿಗೂ ತೂತಾಗದಿದ್ದರೆ, ನಿಜವಾದ ಅಪಾಯ ಸೊನ್ನೆ ಎಂದರ್ಥವಲ್ಲ. ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಬೇಕು: ಅಪಾಯ ನೂರಕ್ಕೆ ಹತ್ತರವರೆಗೂ ಇದ್ದಿರಬಹುದು. 300 ಜನರಲ್ಲಿ ಏನೂ ಆಗದಿದ್ದರೆ ನೂರಕ್ಕೆ ಒಂದರವರೆಗೆ, 3,000 ಜನರಲ್ಲಿ ಆಗದಿದ್ದರೆ ಸಾವಿರಕ್ಕೆ ಒಂದರವರೆಗೆ. ಕುಣಿಕೆಯಿಂದ ತೂತಾಗುವುದು ಅಷ್ಟು ವಿರಳ. ಹೊಸ ಉಪಕರಣದ ಮೊದಲ ಪ್ರಯೋಗ ಸಾಮಾನ್ಯವಾಗಿ ಕೆಲವು ಡಜನ್ ಜನರಲ್ಲಿ ನಡೆಯುತ್ತದೆ. ಅದು ಉಪಕರಣ ಕೆಲಸ ಮಾಡುತ್ತದೆಂದು ಹೇಳಬಲ್ಲದು, ಎದ್ದುಕಾಣುವ ಅನಾಹುತವಿಲ್ಲವೆಂದು ಹೇಳಬಲ್ಲದು, ಅದಕ್ಕಿಂತ ಹೆಚ್ಚಿಲ್ಲ.

ಅಪಾಯದ ಪಟ್ಟಿಗೆ ಇನ್ನೊಂದು ಸೇರಿದ್ದು 2013ರಲ್ಲಿ. ಅಮೆರಿಕದ ಹೈಕೊ ಪೋಲ್ ಮತ್ತು ಸಂಗಡಿಗರು 5ರಿಂದ 20 ಮಿಲಿಮೀಟರಿನ ಪಾಲಿಪ್ ತೆಗೆದ ಕೂಡಲೇ, ಪೂರ್ತಿ ತೆಗೆದಂತೆ ಕಂಡ ಜಾಗದ ಅಂಚಿನಿಂದ ತುಣುಕುಗಳನ್ನು ತೆಗೆದು ಪರೀಕ್ಷಿಸಿದರು. ಶೇ. 10.1ರಲ್ಲಿ ಪಾಲಿಪ್ ಉಳಿದಿತ್ತು. ವೈದ್ಯರಿಂದ ವೈದ್ಯರಿಗೆ ಈ ಪ್ರಮಾಣ ಮೂರು ಪಟ್ಟಿಗೂ ಮೀರಿ ಬದಲಾಗುತ್ತಿತ್ತು. ರಕ್ತ ಬಾರದ, ನೋವಾಗದ, ಆದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಉಳಿಕೆಯೂ ರೋಗಿಗೆ ಆದ ಹಾನಿಯೇ. ಅಂದಿನಿಂದ ಹೊಸ ಉಪಕರಣದ ಪ್ರಯೋಗಗಳಲ್ಲಿ ಅಂಚಿನ ತುಣುಕು ಪರೀಕ್ಷಿಸುವುದು ರೂಢಿಯಾಗುತ್ತ ಬಂದಿದೆ. 2019ರಲ್ಲಿ ಅದೇ ಪೋಲ್ ಮುಂದಾಳಾಗಿ ನಡೆಸಿದ ಇನ್ನೊಂದು ಪ್ರಯೋಗ, 20 ಮಿಲಿಮೀಟರಿಗಿಂತ ದೊಡ್ಡ ಪಾಲಿಪ್ ತೆಗೆದ ಗಾಯವನ್ನು ಲೋಹದ ಕ್ಲಿಪ್‌ಗಳಿಂದ ಮುಚ್ಚಿದರೆ ತಡವಾದ ರಕ್ತಸ್ರಾವ ಶೇ. 7.1ರಿಂದ 3.5ಕ್ಕೆ ಇಳಿಯುತ್ತದೆಂದು ತೋರಿಸಿತು.

ಇಂದು ಹೊಸ ಉಪಕರಣವೊಂದು ಬಂದರೆ, ಉದಾಹರಣೆಗೆ ಶಾಖವಿಲ್ಲದೆ ತಿರುಗುವ ಅಲಗಿನಿಂದ ಪೊರೆಯನ್ನು ಹೀರಿ ಕತ್ತರಿಸುವ ಮೋಟಾರು ಉಪಕರಣ, ಅದು ಮೊದಲು ಪ್ರಯೋಗಾಲಯದ ಮೇಜಿನ ಮೇಲೆ, ಆಮೇಲೆ ಕಸಾಯಿಖಾನೆಯಿಂದ ತಂದ ಹಂದಿಕರುಳಿನಲ್ಲಿ, ಆಮೇಲೆ ಜೀವಂತ ಹಂದಿಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ನೀತಿ ಸಮಿತಿ ಒಪ್ಪಿದ ನಂತರ, ಲಿಖಿತ ಸಮ್ಮತಿ ಕೊಟ್ಟ ಕೆಲವೇ ರೋಗಿಗಳಲ್ಲಿ, ಅನುಭವಿ ವೈದ್ಯರ ಕೈಯಲ್ಲಿ ಮೊದಲ ಬಳಕೆ. ಯಾವುದನ್ನು ತೊಂದರೆ ಎಂದು ಎಣಿಸಬೇಕು, ಎಷ್ಟು ದಿನ ಎಣಿಸಬೇಕು ಎಂಬುದನ್ನು ಪ್ರಯೋಗ ಶುರುವಾಗುವ ಮುನ್ನವೇ ಬರೆದಿಡುತ್ತಾರೆ. ಚಿಕಿತ್ಸೆ ಮಾಡಿದವರಲ್ಲದ ಇನ್ನೊಬ್ಬರು ರೋಗಿಗೆ ಮರುದಿನ, ಎರಡು ವಾರಕ್ಕೆ, ಮೂವತ್ತನೇ ದಿನಕ್ಕೆ ಫೋನ್ ಮಾಡಿ ರಕ್ತ ಹೋಯಿತೇ, ಜ್ವರ ಬಂತೇ, ಬೇರೆ ಆಸ್ಪತ್ರೆಗೆ ಹೋಗಬೇಕಾಯಿತೇ ಎಂದು ಕೇಳುತ್ತಾರೆ. ತೊಂದರೆ ಮೊದಲೇ ಗೊತ್ತುಮಾಡಿದ ಮಿತಿ ದಾಟಿದರೆ ಪ್ರಯೋಗ ನಿಲ್ಲಿಸುವ ಅಧಿಕಾರ ಸ್ವತಂತ್ರ ಸಮಿತಿಗೆ ಇರುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಮತ್ತೆ ಕೊಲೊನೋಸ್ಕೋಪಿ ಮಾಡಿ ಕಲೆಯ ಜಾಗದಿಂದ ತುಣುಕು ತೆಗೆಯುತ್ತಾರೆ. ಸಾವಿರಾರು ಜನರ ಹೋಲಿಕೆ ಪ್ರಯೋಗ ಅದರ ನಂತರದ ಮಾತು, ಮಾರುಕಟ್ಟೆಗೆ ಬಂದ ಮೇಲಿನ ವರದಿಗಳು ಉಪಕರಣ ಬಳಕೆಯಲ್ಲಿರುವಷ್ಟು ಕಾಲವೂ ಮುಂದುವರಿಯುತ್ತವೆ.